ವಿದ್ಯಾರ್ಥಿಯ ಮನಸ್ಸು ಮತ್ತು ಶಾಲೆಯ ಆಪ್ತಸಮಾಲೋಚನೆ

ಒತ್ತಡ ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಭೌತವಿಜ್ಞಾನದಲ್ಲಿ ಅದರ ಅರ್ಥ ಖಚಿತವಾದುದು. ಒಂದು ಮೇಲ್ಮೈಯ ಮೇಲೆ ಲಂಬವಾಗಿ ಬೀಳುವ ಬಲವನ್ನು ಆ ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಒತ್ತಡ. ನೀರು ತುಂಬಿದ ಕೊಡವನ್ನು ತಲೆಯ ಮೇಲೆ ಹೊರುವ ಹೆಂಗಸು ಮೊದಲು ಬಟ್ಟೆಯ ಸಿಂಬಿಯೊಂದನ್ನು ಸುತ್ತಿ ನೆತ್ತಿಯ ಮೇಲೆ ಇಟ್ಟುಕೊಳ್ಳುವುದನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಸಿಂಬಿಯಿಂದ ಕೊಡದ ಭಾರ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಆ ಭಾರ ಹರಡಿಕೊಳ್ಳುವ ಜಾಗ ಹೆಚ್ಚುತ್ತದೆ; ಆದುದರಿಂದ ಒತ್ತಡ ಇಳಿಯುತ್ತದೆ; ಹೊತ್ತವಳು ಅದೇ ಭಾರವನ್ನು ಇನ್ನಷ್ಟು ದೂರ ಸಾಗಿಸಬಲ್ಲಳು.

ಮನಸ್ಸಿನ ಒತ್ತಡವನ್ನು ಅಳೆಯಲು ಇಂಥ ಸರಳ ಸೂತ್ರವಿಲ್ಲ. ಆದರೂ ಈ ಹೋಲಿಕೆಯಿಂದ ಒಂದು ಪ್ರಯೋಜನವುಂಟು. ಶಾಲೆಯಲ್ಲಿ ಆಪ್ತಸಮಾಲೋಚನೆ ಎಂಬ ಕೆಲಸವೊಂದು ಏಕೆ ಬೇಕು, ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ತಿಳಿಯಲು ಸಿಂಬಿಯ ಉದಾಹರಣೆ ನಮಗೆ ನೆರವಾಗುತ್ತದೆ.

ನಮ್ಮ ಸೀಮೆಯ ಭಾರಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದುವು. ಜಿಲ್ಲೆ ಒಂದೇ ಆದರೂ ಬದುಕು ಒಂದೇ ಬಗೆಯದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿಯ ಕಡೆ ಭತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಇವೆ. ಕುಷ್ಟಗಿ ಯಲಬುರ್ಗಾಗಳಲ್ಲಿ ಬಹುಪಾಲು ಮಳೆಯನ್ನು ನಂಬಿದ ಹೊಲಗಳು. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುತ್ತವೆ. ಆಗ ಮಕ್ಕಳು ಒಂದೋ ತಂದೆತಾಯಿಯ ಹಿಂದೆ ಹೋಗಿ ಶಾಲೆಯನ್ನು ಬಿಡಬೇಕು, ಇಲ್ಲವೇ ಅಜ್ಜಿಯ ಬಳಿಯಲ್ಲೋ ಹಾಸ್ಟೆಲಿನಲ್ಲೋ ಉಳಿದು ಓದಬೇಕು.

ಮನೆಯಲ್ಲಿ ಹತ್ತನೆಯ ತರಗತಿಯನ್ನು ಮೊದಲು ಮುಟ್ಟಿದವರು ತಾವೇ ಆಗಿರುವ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಆರಿಸಬೇಕೋ ಕಲೆಯನ್ನೋ, ಐ.ಟಿ.ಐ.ಗೆ ಸೇರಬೇಕೋ ಪಾಲಿಟೆಕ್ನಿಕ್ಕಿಗೋ ಎಂದು ಕೇಳಲು ಅವರ ಮನೆಯಲ್ಲಿ ಆ ದಾರಿಯನ್ನು ತುಳಿದವರು ಯಾರೂ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಇದರ ಜೊತೆಗೆ ಇನ್ನೊಂದು ಭಾರ: ಪರೀಕ್ಷೆಯ ಫಲಿತಾಂಶಕ್ಕೂ ಲಗ್ನದ ಮಾತಿಗೂ ನಂಟು. ಉತ್ತೀರ್ಣಳಾದರೆ ಕಾಲೇಜು, ಇಲ್ಲವಾದರೆ ಮದುವೆ ಎಂಬ ಮಾತನ್ನು ಹಿರಿಯರು ಹಗುರವಾಗಿ ಆಡಿದರೂ ಹದಿನೈದರ ಹುಡುಗಿಯ ಕಿವಿಗೆ ಅದು ಹಗುರವಾಗಿ ಬೀಳುವುದಿಲ್ಲ.

ಭಾರವಿದ್ದಾಗ ಮನಸ್ಸಿನಲ್ಲಿ ಆಗುವುದೇನು?

ಒತ್ತಡವೆಲ್ಲವೂ ಕೆಟ್ಟದ್ದೇ ಎಂದು ತಿಳಿಯಬಾರದು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿದರು. ಬಿಳಿಯ ಮತ್ತು ಕಪ್ಪು ಬಣ್ಣದ ಎರಡು ಪೆಟ್ಟಿಗೆಗಳಲ್ಲಿ ಇಲಿಯು ಬಿಳಿಯದನ್ನೇ ಆರಿಸಬೇಕು. ತಪ್ಪಿದರೆ ಸಣ್ಣದೊಂದು ವಿದ್ಯುದಾಘಾತ. ಎರಡು ಪೆಟ್ಟಿಗೆಗಳ ವ್ಯತ್ಯಾಸ ಎದ್ದು ಕಾಣುವಂತಿದ್ದಾಗ ಆಘಾತ ಬಲವಾದಷ್ಟೂ ಇಲಿಗಳು ಬೇಗ ಕಲಿತುವು. ಆದರೆ ವ್ಯತ್ಯಾಸವನ್ನು ಗುರುತಿಸುವುದು ಕಷ್ಟವಾಗುವಂತೆ ಮಾಡಿದಾಗ ಫಲ ಬೇರೆಯಾಯಿತು. ಮಧ್ಯಮ ಪ್ರಮಾಣದ ಆಘಾತದಲ್ಲಿ ಕಲಿಕೆ ಚೆನ್ನಾಗಿ ನಡೆಯಿತು. ಆಘಾತ ಅತಿಯಾದಾಗ ಕಲಿಕೆ ಕುಂಠಿತವಾಯಿತು.

ಇಲಿಯಿಂದ ಮನುಷ್ಯನಿಗೆ ಒಂದೇ ನೆಗೆತಕ್ಕೆ ಹಾರುವುದು ವಿವೇಕವಲ್ಲ. ಆದರೂ ಈ ಫಲಿತಾಂಶ ನಮ್ಮ ಅನುಭವಕ್ಕೆ ಹತ್ತಿರವಾಗಿದೆ. ಅಂಗಳ ಗುಡಿಸುವಂಥ ಕೆಲಸವನ್ನು ಅಂಜಿಕೆಯಿಂದ ಬೇಗ ಮಾಡಿಸಬಹುದು. ಲೋಲಕದ ಲೆಕ್ಕವನ್ನು ಅಂಜಿಕೆಯಿಂದ ಮಾಡಿಸಲಾಗದು.

ಇದಕ್ಕೆ ಕಾರಣವನ್ನು ಮನಶ್ಶಾಸ್ತ್ರಜ್ಞರು ಹೀಗೆ ವಿವರಿಸುತ್ತಾರೆ. ನಾವು ಯೋಚಿಸುವಾಗ ಬೇಕಾದ ಸಂಗತಿಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಶಕ್ತಿಯೊಂದು ಮನಸ್ಸಿಗೆ ಇದೆ. ಇದನ್ನು ಕಾರ್ಯಸ್ಮೃತಿ ಎನ್ನಬಹುದು. ಇದರ ವ್ಯಾಪ್ತಿ ಬಹಳ ಚಿಕ್ಕದು. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಅದು ಸುಮಾರು ಏಳು ಅಂಶಗಳಷ್ಟು ಎಂದು ಹೇಳಿದನು. ಮುಂದೆ ಬಂದ ಸಂಶೋಧಕರು ಅದನ್ನು ನಾಲ್ಕಕ್ಕೆ ಇಳಿಸಿದ್ದಾರೆ. ಲೋಲಕದ ಅವಧಿಯನ್ನು ಲೆಕ್ಕ ಹಾಕುವ ವಿದ್ಯಾರ್ಥಿ ಸೂತ್ರವನ್ನು, ಉದ್ದವನ್ನು, ಗುರುತ್ವದ ವೇಗೋತ್ಕರ್ಷವನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿರಬೇಕು. ಅದೇ ಹೊತ್ತಿನಲ್ಲಿ ‘ನಪಾಸಾದರೆ ಗತಿಯೇನು? ಅಪ್ಪನಿಗೆ ಏನು ಹೇಳಲಿ?’ ಎಂಬ ಎರಡು ಚಿಂತೆಗಳು ಬಂದು ಕುಳಿತರೆ ಆ ಚಿಕ್ಕ ಜಾಗದಲ್ಲಿ ಲೆಕ್ಕಕ್ಕೆ ಉಳಿಯುವುದೆಷ್ಟು? ಓದಿದ್ದೆಲ್ಲ ಮರೆತುಹೋಯಿತು ಎಂದು ಪರೀಕ್ಷೆಯ ಕೊಠಡಿಯಿಂದ ಹೊರಬಂದ ವಿದ್ಯಾರ್ಥಿ ಹೇಳುವಾಗ ಅವನು ಸುಳ್ಳು ಹೇಳುತ್ತಿಲ್ಲ. ಮರೆತುಹೋದದ್ದು ಮನೆಗೆ ಬಂದ ಮೇಲೆ ನೆನಪಾಗುವುದೂ ಇದರಿಂದಲೇ.

ವಯಸ್ಸಿನ ಗುಣವೂ ಇದಕ್ಕೆ ಸೇರುತ್ತದೆ. ಮೆದುಳಿನ ಮುಂಭಾಗ, ಅಂದರೆ ಹಿಂದುಮುಂದನ್ನು ಅಳೆದು ನಿರ್ಧರಿಸುವ ಭಾಗ, ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಭಾವನೆಗಳಿಗೆ ಸಂಬಂಧಿಸಿದ ಭಾಗಗಳಾದರೋ ಅದಕ್ಕಿಂತ ಮೊದಲೇ ಚುರುಕಾಗುತ್ತವೆ. ಆದುದರಿಂದ ಹದಿನೈದರ ಪ್ರಾಯದಲ್ಲಿ ಸೋಲು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಂದಿನ ದುಃಖ ಎಂದೆಂದಿಗೂ ಇರುವುದೆಂದು ತೋರುತ್ತದೆ. ಇದು ಅವಿವೇಕವಲ್ಲ, ಬೆಳವಣಿಗೆಯ ಒಂದು ಹಂತ. ಈ ಹಂತದಲ್ಲಿ ಹೊರಗಿನಿಂದ ಒಂದು ಶಾಂತ ಬುದ್ಧಿಯ ಆಸರೆ ದೊರೆತರೆ ಆಗುವ ಉಪಕಾರ ದೊಡ್ಡದು.

ಈ ವಿದ್ಯೆ ಬೆಳೆದ ಬಗೆ

ಶಾಲೆಯಲ್ಲಿ ಮಾರ್ಗದರ್ಶನ ಎಂಬ ಕಲ್ಪನೆ ಮೊದಲು ಉದ್ಯೋಗದ ಪ್ರಶ್ನೆಯಿಂದ ಹುಟ್ಟಿತು. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಅಮೆರಿಕದ ಬಾಸ್ಟನ್ ನಗರದಲ್ಲಿ ತರುಣರಿಗಾಗಿ ಒಂದು ಉದ್ಯೋಗ ಮಾರ್ಗದರ್ಶನ ಕೇಂದ್ರವನ್ನು ತೆರೆದನು. ಅವನ ವಿಚಾರ ಸರಳವಾದುದು. ಒಬ್ಬನು ತನ್ನ ಅಭಿರುಚಿ ಶಕ್ತಿಗಳನ್ನು ಅರಿಯಬೇಕು. ಕೆಲಸಗಳ ಸ್ವರೂಪವನ್ನು ಅರಿಯಬೇಕು. ಎರಡನ್ನೂ ತೂಗಿ ನೋಡಬೇಕು. ಬಳಿಕ ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞನು 1942ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿದ್ಯೆಗೆ ಹೊಸ ತಿರುವು ದೊರೆಯಿತು. ಉಪದೇಶಕ್ಕಿಂತ ಆಲಿಸುವಿಕೆ ಮುಖ್ಯವೆಂದು ಅವನು ಸಾರಿದನು. ಎದುರಿಗಿರುವವನ ಕಣ್ಣಿನಿಂದ ಅವನ ಲೋಕವನ್ನು ನೋಡುವುದು, ಷರತ್ತುಗಳಿಲ್ಲದೆ ಅವನನ್ನು ಗೌರವಿಸುವುದು, ತಾನು ಮುಖವಾಡವಿಲ್ಲದೆ ಇರುವುದು, ಈ ಮೂರು ಸಲಹೆಗಾರನಲ್ಲಿ ಇರಲೇಬೇಕಾದ ಗುಣಗಳೆಂದು 1957ರಲ್ಲಿ ವಿವರಿಸಿದನು.

ಭಾರತದಲ್ಲಿಯೂ ಈ ವಿಚಾರ ತಡವಾಗಿ ಬಂದುದಲ್ಲ. ಮೈಸೂರಿನಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1952–53ರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನದ ವ್ಯವಸ್ಥೆ ಬೇಕೆಂದು ಹೇಳಿತು. 1954ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಒಂದು ಕಚೇರಿಯನ್ನು ಸ್ಥಾಪಿಸಿತು. 1964–66ರ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ಮಾರ್ಗದರ್ಶನವು ಶಿಕ್ಷಣದ ಅವಿಭಾಜ್ಯ ಅಂಗ, ಅದು ಪ್ರಾಥಮಿಕ ಶಾಲೆಯಿಂದಲೇ ಆರಂಭವಾಗಬೇಕು ಎಂದಿತು. ಮಾತು ಹಳೆಯದು; ಹಳ್ಳಿಯ ಶಾಲೆಗಳನ್ನು ಅದು ಮುಟ್ಟಿದುದು ಮಾತ್ರ ಬಹಳ ನಿಧಾನವಾಗಿ.

ಸಮಾಲೋಚನೆಯ ಕೊಠಡಿಯಲ್ಲಿ

ಸಮಾಲೋಚನೆ ಎಂದರೆ ಕೂಡಿ ಆಲೋಚಿಸುವುದು. ಬುದ್ಧಿವಾದ ಹೇಳುವುದಕ್ಕೂ ಇದಕ್ಕೂ ಇರುವ ಭೇದ ಈ ಶಬ್ದದಲ್ಲಿಯೇ ಅಡಗಿದೆ. ಇದು ನಡೆಯುವ ಬಗೆಯನ್ನು ತಿಳಿಯಲು ಯಲಬುರ್ಗಾದ ಕಡೆಯ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಗಣಿತದಲ್ಲಿ ಮುಂದಿದ್ದವಳ ಅಂಕಗಳು ಇದ್ದಕ್ಕಿದ್ದಂತೆ ಕುಸಿದಿವೆ. ಇವಳಿಗೆ ಓದಿನಲ್ಲಿ ಗಮನವಿಲ್ಲ ಎಂದು ಉಪಾಧ್ಯಾಯರು ಬೇಸರಪಟ್ಟಿದ್ದಾರೆ.

ಬುದ್ಧಿವಾದ ಹೇಳುವವರು ಇಲ್ಲಿ ‘ಚೆನ್ನಾಗಿ ಓದು’ ಎಂದು ಕಳುಹಿಸಿಬಿಡುತ್ತಾರೆ. ಆಪ್ತಸಲಹೆಗಾರ್ತಿಯಾದವಳು ಅಂಕಗಳ ಮಾತನ್ನೇ ಎತ್ತುವುದಿಲ್ಲ. “ಯಾಕ ತಂಗಿ, ಈಗೀಗ ರಾತ್ರಿ ನಿದ್ದಿ ಹೆಂಗ ಬರ್ತೈತಿ?” ಎಂದು ಕೇಳುತ್ತಾಳೆ. ಕೇಳಿ ಸುಮ್ಮನಿರುತ್ತಾಳೆ. ಈ ಸುಮ್ಮನಿರುವಿಕೆಯೇ ಕಲಿಯಬೇಕಾದ ವಿದ್ಯೆ. ಸ್ವಲ್ಪ ಹೊತ್ತಿನ ಮೇಲೆ, “ಮನ್ಯಾಗ ಲಗ್ನದ ಮಾತು ನಡದೈತ್ರಿ” ಎಂಬ ಉತ್ತರ ಬರುತ್ತದೆ. ಗಣಿತದ ತೊಂದರೆ ಗಣಿತದಲ್ಲಿ ಇರಲಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆಗಳು ಕ್ರಮಬದ್ಧವಾದುವು. ಪ್ರಯೋಗಶಾಲೆಯ ಕ್ರಮಕ್ಕೆ ಇವುಗಳನ್ನು ಹೋಲಿಸಬಹುದು. ಮೊದಲು ಸಮಸ್ಯೆಯನ್ನು ಸ್ಪಷ್ಟವಾದ ಮಾತುಗಳಲ್ಲಿ ಹೇಳುವುದು: ಹುಡುಗಿಗೆ ಓದುವ ಇಚ್ಛೆಯಿದೆ, ಮನೆಯವರಿಗೆ ಖರ್ಚಿನ ಚಿಂತೆಯೂ ದೂರದ ಕಾಲೇಜಿನ ಅಂಜಿಕೆಯೂ ಇವೆ. ಎರಡನೆಯದು, ಇರುವ ದಾರಿಗಳನ್ನೆಲ್ಲ ಪಟ್ಟಿ ಮಾಡುವುದು: ಹಾಸ್ಟೆಲು, ವಿದ್ಯಾರ್ಥಿವೇತನ, ತಾಯಿಯೊಡನೆ ಮಾತು, ಮುಖ್ಯೋಪಾಧ್ಯಾಯರ ಮೂಲಕ ತಂದೆಯೊಡನೆ ಮಾತು, ಹದಿನೆಂಟರೊಳಗಿನ ಮದುವೆಯನ್ನು ತಡೆಯುವ 2006ರ ಕಾನೂನು, ಮಕ್ಕಳ ಸಹಾಯವಾಣಿ 1098. ಮೂರನೆಯದು, ಒಂದೊಂದು ದಾರಿಯ ಫಲವನ್ನೂ ತೂಗಿ ನೋಡುವುದು. ನಾಲ್ಕನೆಯದು, ಮೊದಲ ಹೆಜ್ಜೆಯನ್ನು ಆಕೆಯೇ ಆರಿಸುವುದು. ಐದನೆಯದು, ಗೊತ್ತುಮಾಡಿದ ದಿನದಂದು ಮತ್ತೆ ಕೂಡಿ ಏನಾಯಿತೆಂದು ನೋಡುವುದು. ಐದನೆಯ ಹೆಜ್ಜೆಯನ್ನು ಬಿಟ್ಟರೆ ಉಳಿದ ನಾಲ್ಕೂ ವ್ಯರ್ಥವಾಗುವ ಸಂಭವವುಂಟು.

ಹೇಳಿದ ಮಾತು ಕೊಠಡಿಯಿಂದ ಹೊರಗೆ ಹೋಗಬಾರದೆಂಬುದು ಈ ವೃತ್ತಿಯ ಮೊದಲ ನಿಯಮ. ಆದರೆ ಇದಕ್ಕೂ ಮೇರೆಯಿದೆ. ವಿದ್ಯಾರ್ಥಿಯ ಜೀವಕ್ಕೆ ಅಪಾಯವಿದ್ದರೆ, ಮತ್ತೊಬ್ಬರಿಗೆ ಕೇಡಾಗುವಂತಿದ್ದರೆ ಗುಟ್ಟನ್ನು ಕಾಪಾಡುವುದು ಧರ್ಮವಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾನೂನು ವಿಧಿಸುತ್ತದೆ. ಒಳ್ಳೆಯ ಸಲಹೆಗಾರರು ಈ ಮೇರೆಯನ್ನು ಮೊದಲ ದಿನವೇ ತಿಳಿಸುತ್ತಾರೆ.

ತಿಳಿವಳಿಕೆಯೂ ಒಂದು ಆಸರೆ

ಆಪ್ತಸಮಾಲೋಚನೆ ಅಳುವವರಿಗೆ ಮಾತ್ರ ಎಂಬ ತಪ್ಪು ಭಾವನೆ ಬಳಕೆಯಲ್ಲಿದೆ. ಪಾರ್ಸನ್ಸನ ಕಾಲದ ಕೆಲಸ, ಅಂದರೆ ಮುಂದಿನ ದಾರಿಯ ಆಯ್ಕೆ, ಇಂದಿಗೂ ಅದರ ಅರ್ಧಭಾಗ. ಎಸ್.ಎಸ್.ಎಲ್.ಸಿ.ಯ ಬಳಿಕ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆಯನ್ನು ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಿ.ಯು.ಸಿ. ವಿಜ್ಞಾನ ತಪ್ಪಿದರೆ ಇಂಜಿನಿಯರಾಗುವ ಬಾಗಿಲು ಮುಚ್ಚಿತೆಂದು ಕೊರಗುವ ಎಷ್ಟೋ ಮಂದಿಗೆ ಇದು ತಿಳಿಯದು. ಸಂವಿಧಾನದ 371(ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಉನ್ನತ ಶಿಕ್ಷಣದ ಸೀಟುಗಳಲ್ಲಿ ನೂರಕ್ಕೆ 70ರಷ್ಟೂ ರಾಜ್ಯದ ಉಳಿದೆಡೆ ನೂರಕ್ಕೆ 8ರಷ್ಟೂ ಮೀಸಲಾತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಸಮಯಕ್ಕೆ ಸರಿಯಾಗಿ ಪಡೆಯದೆ ಸೀಟನ್ನು ಕಳೆದುಕೊಂಡವನಿಗೆ ಆದ ನಷ್ಟ ಬುದ್ಧಿಯ ಕೊರತೆಯಿಂದ ಆದುದಲ್ಲ. ಅಂತೆಯೇ 2024ರಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಒಂದೇ ವರ್ಷದೊಳಗೆ ಮೂರು ಪರೀಕ್ಷೆಗಳ ಅವಕಾಶ ಬಂದಿತು. ಒಂದು ಸೋಲಿಗೆ ಒಂದು ವರ್ಷವನ್ನು ತೆರಬೇಕಾಗಿಲ್ಲ ಎಂಬ ಸಂಗತಿ ತಿಳಿದರೆ ಅಷ್ಟರಿಂದಲೇ ಎದೆಯ ಭಾರ ಹಗುರಾಗುತ್ತದೆ.

ಇದರಿಂದ ಫಲವುಂಟೆ?

ವಿಜ್ಞಾನದ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ ಇದು. ಒಳ್ಳೆಯ ಉದ್ದೇಶ ಫಲಕ್ಕೆ ಸಾಕ್ಷಿಯಾಗುವುದಿಲ್ಲ, ಪರೀಕ್ಷಿಸಿ ನೋಡಬೇಕು. ಭಾವನೆಗಳನ್ನು ಗುರುತಿಸಿ ಹತೋಟಿಯಲ್ಲಿಡುವ, ಇತರರೊಡನೆ ಹೊಂದಿ ಬಾಳುವ ರೀತಿಯನ್ನು ಕಲಿಸುವ 213 ಶಾಲಾ ಕಾರ್ಯಕ್ರಮಗಳ ಫಲವನ್ನು ಡರ್ಲಾಕ್ ಮತ್ತು ಅವರ ಸಂಗಡಿಗರು 2011ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ಒಳಗೊಂಡ ವಿದ್ಯಾರ್ಥಿಗಳು 2,70,000ಕ್ಕೂ ಹೆಚ್ಚು. ನೂರು ಮಂದಿಯನ್ನು ಅಂಕಗಳ ಏರುಕ್ರಮದಲ್ಲಿ ನಿಲ್ಲಿಸಿದರೆ ಐವತ್ತನೆಯ ಸ್ಥಾನದಲ್ಲಿರಬೇಕಾದವನು ಅರುವತ್ತೊಂದನೆಯ ಸ್ಥಾನಕ್ಕೆ ಏರುವಷ್ಟು ಪ್ರಗತಿ ಓದಿನಲ್ಲಿಯೂ ಕಂಡುಬಂದಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬಿಹಾರದ ನಲಂದಾ ಜಿಲ್ಲೆಯದು. ಅಲ್ಲಿಯ 74 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿನಲ್ಲಿ ತರಬೇತಿ ಪಡೆದ, ಆದರೆ ದೊಡ್ಡ ಪದವಿಗಳಿಲ್ಲದ ಸಾಮಾನ್ಯ ಸಲಹೆಗಾರರು ಕೆಲಸ ಮಾಡಿದರು. ಎರಡನೆಯದರಲ್ಲಿ ಅದೇ ಕೆಲಸವನ್ನು ಉಪಾಧ್ಯಾಯರಿಗೆ ವಹಿಸಲಾಯಿತು. ಮೂರನೆಯದು ಹೋಲಿಕೆಗಾಗಿ ಇದ್ದುದು. ಗೋಡೆಪತ್ರಿಕೆ, ವಿದ್ಯಾರ್ಥಿಗಳು ತಮ್ಮ ಅಳಲನ್ನು ಬರೆದು ಹಾಕುವ ಪೆಟ್ಟಿಗೆ, ಸ್ಪರ್ಧೆಗಳು, ಒಬ್ಬೊಬ್ಬರೊಡನೆ ಆಪ್ತಸಮಾಲೋಚನೆ, ಇವು ಕಾರ್ಯಕ್ರಮದ ಅಂಗಗಳು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಲಹೆಗಾರರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು. ಖಿನ್ನತೆ, ಪೀಡನೆ, ಹೊಡೆದಾಟಗಳು ಕಡಿಮೆಯಾದುವು. ಉಪಾಧ್ಯಾಯರಿಗೆ ವಹಿಸಿದ ಶಾಲೆಗಳಲ್ಲಿ ಅಂಥ ಫಲ ಕಾಣಲಿಲ್ಲ.

ಇದರಿಂದ ಉಪಾಧ್ಯಾಯರಿಗೆ ಕರುಣೆಯಿಲ್ಲವೆಂದು ಅರ್ಥ ಮಾಡಬಾರದು. ಪಾಠ, ಪರೀಕ್ಷೆ, ದಾಖಲೆಗಳ ಹೊರೆಯ ನಡುವೆ ಅವರಿಗೆ ಬಿಡುವು ಕಡಿಮೆ. ಅದೂ ಅಲ್ಲದೆ, ಅಂಕ ಕೊಡುವ ಕೈಗೆ ತನ್ನ ಗುಟ್ಟನ್ನು ಒಪ್ಪಿಸಲು ವಿದ್ಯಾರ್ಥಿ ಹಿಂಜರಿಯುವುದು ಸಹಜ. ಉಪಾಧ್ಯಾಯರಿಗೆ ಮತ್ತಾರಿಗೂ ಇಲ್ಲದ ಒಂದು ಅನುಕೂಲವಿದೆ: ಅವರು ದಿನವೂ ವಿದ್ಯಾರ್ಥಿಯ ಮುಖವನ್ನು ನೋಡುತ್ತಾರೆ. ಬದಲಾವಣೆಯನ್ನು ಮೊದಲು ಗುರುತಿಸುವುದು ಅವರ ಕೆಲಸ; ಕುಳಿತು ಆಲಿಸುವುದಕ್ಕೆ ಬೇರೆಯವರು ಬೇಕು.

ನಮ್ಮಲ್ಲಿ ಇರುವ ನೆರವು

ಮನಸ್ಸಿನ ಆರೋಗ್ಯವನ್ನು ದೊಡ್ಡ ನಗರಗಳಿಂದ ಜಿಲ್ಲೆಗಳಿಗೆ ಒಯ್ಯುವ ಪ್ರಯೋಗ ನಡೆದುದು ನಮ್ಮ ನೆರೆಯಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕಾರ್ಯವೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ಗಳು ಬಂದುವು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕೆ.ಎಚ್.ಪಿ.ಟಿ. ಎಂಬ ಸಂಸ್ಥೆ ‘ಸ್ಫೂರ್ತಿ’ ಎಂಬ ಹೆಸರಿನಲ್ಲಿ ಕಿಶೋರಿಯರ ನಡುವೆ ಕೆಲಸ ಮಾಡಿತು. ಊರಿನ ಕೆಲವು ಹುಡುಗಿಯರನ್ನೇ ತರಬೇತಿಗೊಳಿಸಿ ಅವರು ತಮ್ಮ ಗೆಳತಿಯರಿಗೆ ಮೇಲ್ಪಂಕ್ತಿಯಾಗುವಂತೆ ಮಾಡುವುದು ಅದರ ಕ್ರಮ. ಸಲಹೆಗಾರರು ವಿರಳವಾಗಿರುವ ಕಡೆ ಗೆಳೆತನವನ್ನೇ ಆಸರೆಯಾಗಿ ಕಟ್ಟುವ ಇಂಥ ಯತ್ನಕ್ಕೆ ಬೆಲೆಯಿದೆ.

2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ತರಬೇತಾದ ಒಬ್ಬ ಸಲಹೆಗಾರರನ್ನಾದರೂ ಹೊಂದಿರಬೇಕೆಂದು ನಿರ್ದೇಶಿಸಿತು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವನ್ನು ಏರ್ಪಡಿಸಿಕೊಳ್ಳಬೇಕು. ತಮ್ಮ ಶಾಲೆಯಲ್ಲಿ ಈ ಏರ್ಪಾಡು ಹೇಗಿದೆ ಎಂದು ವಿನಯದಿಂದ ಕೇಳುವ ಹಕ್ಕು ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಂಟು.

ಸಿಂಬಿಯ ಮಿತಿ

ಆಪ್ತಸಮಾಲೋಚನೆಯಿಂದ ಮಳೆ ಬರುವುದಿಲ್ಲ, ಗುಳೆ ನಿಲ್ಲುವುದಿಲ್ಲ, ಖಾಲಿ ಬಿದ್ದ ಗಣಿತದ ಉಪಾಧ್ಯಾಯರ ಹುದ್ದೆ ತುಂಬುವುದಿಲ್ಲ. ಭಾರವನ್ನೇ ಇಳಿಸಬೇಕಾದೆಡೆಯಲ್ಲಿ ಸಿಂಬಿಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸಮಾಜ ಮತ್ತು ಸರ್ಕಾರ ಮಾಡಬೇಕಾದ ಕೆಲಸ ಬೇರೆಯಾಗಿ ಇದ್ದೇ ಇದೆ. ಆದರೆ ಆ ಕೆಲಸ ಮುಗಿಯುವವರೆಗೆ ಹದಿನೈದರ ಹುಡುಗನೋ ಹುಡುಗಿಯೋ ಬರಿಯ ನೆತ್ತಿಯ ಮೇಲೆ ಕೊಡವನ್ನು ಹೊತ್ತು ನಿಂತಿರಬೇಕೆಂದೂ ಅಲ್ಲ.

ಕೊನೆಯದಾಗಿ ವಿದ್ಯಾರ್ಥಿ ವಾಚಕರಿಗೆ ಒಂದೆರಡು ಮಾತು. ನಿದ್ರೆ ಕೆಟ್ಟು, ಊಟ ಸೇರದೆ, ಮೊದಲು ಇಷ್ಟವಾಗಿದ್ದ ಆಟಪಾಠಗಳೂ ಬೇಡವೆನ್ನಿಸಿ ಎರಡು ವಾರ ಕಳೆದಿದ್ದರೆ ಅದನ್ನು ನಿಮ್ಮ ದೌರ್ಬಲ್ಯವೆಂದು ಎಣಿಸದೆ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿರಿ. ಬದುಕೇ ಬೇಡ ಎನ್ನಿಸಿದರೆ ಒಂದು ದಿನವೂ ಕಾಯಬೇಡಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೆನ್ನದೆ ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಗೆಳೆಯನೊಬ್ಬ ಇಂಥ ಮಾತನ್ನಾಡಿದರೆ ಅದನ್ನು ನಗೆಯಾಡಿ ತೇಲಿಸಬೇಡಿರಿ. ಅವನನ್ನು ಒಂಟಿಯಾಗಿ ಬಿಡದೆ, ಅವನ ಜೊತೆಯಲ್ಲಿಯೇ ನಡೆದು ಹಿರಿಯರ ಬಳಿಗೆ ಹೋಗಿರಿ. ಆ ಸಂಖ್ಯೆಯನ್ನು ನಿಮ್ಮ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಇಂದೇ ಬರೆದಿಡುವುದು ಒಳ್ಳೆಯದು. ನಿಮಗೆ ಬೇಕಾಗದಿದ್ದರೂ ಪಕ್ಕದ ಬೆಂಚಿನಲ್ಲಿ ಕುಳಿತವರಿಗೆ ಎಂದಾದರೂ ಬೇಕಾದೀತು.